ತಾನೇ ನೀರುಣಿಸುವ ಕುಂಡ ಎಂದು ಮನೆಯಲ್ಲಿ ಮಾಡಿ ಮಾರುವವರಿಂದ ಕೊಳ್ಳುವ ಮುನ್ನ ಇದನ್ನು ಓದಿ

ಮಂಗಳೂರಿನ ಕದ್ರಿಯ ನಮ್ಮ ಮನೆಯ ತಾರಸಿಯಲ್ಲಿದ್ದ 12 ಮೆಣಸಿನ ಗಿಡಗಳೂ ಸತ್ತುಹೋಗಿವೆ. ಹಣ ಹೋದದ್ದಕ್ಕಿಂತಲೂ, ಇಷ್ಟು ವರ್ಷ ಮಣ್ಣಿನಲ್ಲಿ ಕೈಯಾಡಿಸಿದ ನಾನು ಒಂದು ಬಕೆಟ್ಟನ್ನು ಮಗುಚಿ ನೋಡದೆ ಮೋಸಹೋದೆನಲ್ಲ ಎಂಬ ನಾಚಿಕೆ ನನ್ನನ್ನು ನಿದ್ರೆ ಮಾಡಲು ಬಿಡುತ್ತಿಲ್ಲ.

ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ ಬರುವ ತುಳುನಾಡಿನ ಪತ್ತನಾಜೆಗೆ ಎರಡು ವಾರವಿರುವಾಗ, ಪರಿಚಿತರ ಮಾತು ನಂಬಿ ಒಬ್ಬರ ಮನೆಗೆ ಹೋಗಿದ್ದೆ. ಹಳೆಯ ಪೇಂಟ್ ಬಕೆಟ್‌ಗಳನ್ನು ಒಂದರೊಳಗೊಂದು ಇಳಿಸಿ ಮಾಡಿದ ಕುಂಡವನ್ನು ಅವರು ತೋರಿಸಿದರು. ಕೆಳಗಿನದರಲ್ಲಿ ನೀರು, ಮೇಲಿನದರಲ್ಲಿ ಗಿಡ, ನಡುವೆ ನೀರಿಗಿಳಿಯುವ ತೂತಿನ ಬಟ್ಟಲು. ಅದರಲ್ಲಿ ಒತ್ತಿ ತುಂಬಿದ ತೆಂಗಿನ ನಾರಿನ ಪುಡಿ ದೀಪದ ಬತ್ತಿ ಎಣ್ಣೆ ಎಳೆದಂತೆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಬದಿಯಲ್ಲಿದ್ದ ತೂತಿಗೆ ಬೆರಳಿಟ್ಟು, "ಎಷ್ಟು ಮಳೆ ಬಂದರೂ ಹೆಚ್ಚಾದ ನೀರು ಇಲ್ಲಿಂದ ಹೋಗುತ್ತದೆ, ನೀವು ಚಿಂತೆ ಮಾಡಬೇಡಿ" ಎಂದರು. ಆ ತೂತನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದರೆ ನೋಡಿದ್ದು ಆ ಒಂದು ಕುಂಡದಲ್ಲಿ ಮಾತ್ರ. ಮಣ್ಣು ತುಂಬಿಸಿಯೇ ತಂದುಕೊಡುವ ಮಾತಾಗಿ, ತಲಾ 650ರಂತೆ 7,800 ರೂಪಾಯಿಯನ್ನು ಮುಂಗಡವಾಗಿಯೇ ಕೊಟ್ಟುಬಿಟ್ಟೆ.

ಅಕ್ಕನ ಮನೆಯಿಂದ ತಂದ ನಮ್ಮ ಕಡೆಯ ನಾಟಿ ತಳಿಯಾದ ಹರೇಕಳ ಮೆಣಸಿನ ಬೀಜದಿಂದ ನಾನೇ ಎಬ್ಬಿಸಿದ ಸಸಿಗಳನ್ನು ಅವುಗಳಲ್ಲಿ ನೆಟ್ಟೆ. ಜೂನ್‌ನಲ್ಲಿ ಮಳೆ ಹಿಡಿದ ಒಂದೇ ವಾರದಲ್ಲಿ ಎಲೆಗಳು ಹಳದಿಯಾಗಿ ಜೋತುಬಿದ್ದವು. ಮೇಲ್ಮಣ್ಣು ಒಣಗಿದಂತೆ ಕಂಡದ್ದರಿಂದ ಬಾಯಾರಿಕೆಯೆಂದು ತಿಳಿದು, ಮಳೆ ಬಿಟ್ಟ ಎರಡು ದಿನವೂ ಕೆಳಗಿನ ಬಕೆಟ್ಟಿಗೆ ನೀರು ತುಂಬುವ ಕೊಳವೆಯಲ್ಲಿ ನೀರು ಸುರಿದೆ. ಮುಳುಗುತ್ತಿದ್ದ ಗಿಡಕ್ಕೆ ನನ್ನ ಕೈಯಿಂದಲೇ ಇನ್ನಷ್ಟು ನೀರು ಕೊಟ್ಟೆ ಎಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಕೊನೆಗೆ ಒಂದು ಕುಂಡವನ್ನು ಮಗುಚಿದೆ. ಮೇಲಿನ ಎರಡು ಬೆರಳಿನಷ್ಟು ಮಾತ್ರ ತೆಂಗಿನ ನಾರಿನ ಪುಡಿ! ಅದರ ಕೆಳಗೆ ತಳದವರೆಗೂ ಅಂಟಂಟಾದ ಕೆಂಪು ಮಣ್ಣು, ಕೊಳೆತ ವಾಸನೆ. ನೀರೆಳೆಯಬೇಕಿದ್ದ ಬಟ್ಟಲಿಗೆ ಒಂದೂ ತೂತಿಲ್ಲ. ಹೊರಗಿನ ಬಕೆಟ್ಟಿನ ಸುತ್ತ ಬೆರಳಾಡಿಸಿದೆ, ಅಲ್ಲಿಯೂ ತೂತಿಲ್ಲ. ಎರಡನೆಯದನ್ನು ನೋಡಿದೆ, ಮೂರನೆಯದನ್ನು ನೋಡಿದೆ, 12ರಲ್ಲಿ ಒಂದರಲ್ಲೂ ಇಲ್ಲ. ಒಳಗಿನ ನೀರಿನಲ್ಲಿ ಸೊಳ್ಳೆಮರಿಗಳು ಓಡಾಡುತ್ತಿದ್ದವು. ಮಲೇರಿಯಾ, ಡೆಂಗಿ ಎಂದರೆ ನಡುಗುವ ಈ ಊರಿನಲ್ಲಿ ನೆರೆಮನೆಯವರಿಗೆ ಮುಖ ತೋರಿಸುವುದು ಹೇಗೆ? ಕೆಳಗೆ ಕೆಂಪು ಮಣ್ಣು ತುಂಬಿ ಮೇಲೆ ಪುಡಿ ಹರಡಿದ್ದು ಮರೆವಿನಿಂದ ಆದದ್ದಲ್ಲ, ಕಣ್ಣು ಕಟ್ಟಲೆಂದೇ ಮಾಡಿದ್ದು.

ಫೋನ್ ಮಾಡಿದಾಗ ಮೊದಲು ಬಂದ ಉತ್ತರ: "ಅದು ಬಾಡುರೋಗ, ಕುಂಡದ ತಪ್ಪಲ್ಲ." ಬ್ಯಾಕ್ಟೀರಿಯಾದಿಂದ ಬರುವ ಬಾಡುರೋಗವಾದರೆ ಬುಡದ ಕಾಂಡವನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಹಿಡಿದಾಗ ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿಯಬೇಕು. ಮೂರು ಗಿಡಗಳನ್ನು ಪರೀಕ್ಷಿಸಿದೆ, ನೀರು ತಿಳಿಯಾಗಿಯೇ ಉಳಿಯಿತು. ಬೇರುಗಳು ಮಾತ್ರ ಕಂದಿ, ಮುಟ್ಟಿದರೆ ಸಿಪ್ಪೆ ಕಳಚಿ ಬರುತ್ತಿದ್ದವು. ಅವು ಗಾಳಿಯಿಲ್ಲದೆ ಸತ್ತ ಬೇರುಗಳು. ಹಾಗೆಂದು ಹೇಳಿ ಚಿತ್ರ ಕಳುಹಿಸಿದೆ. "ಮಳೆಗೆ ಇಡಿ ಎಂದು ನಾನು ಹೇಳಿದೆನೇ?" ಎಂದರು. ತೂತಿಗೆ ಬೆರಳಿಟ್ಟು ಹೇಳಿದ ಮಾತನ್ನು ನೆನಪಿಸಿದೆ. ಆಗ ಬಂದ ಉತ್ತರವನ್ನು ನಾನು ಮರೆಯಲಾರೆ: "ತೂತು ಬೇಕಿದ್ದರೆ ಒಂದು ಮೊಳೆ ಬಿಸಿ ಮಾಡಿ ನೀವೇ ಚುಚ್ಚಿಕೊಳ್ಳಬಹುದಿತ್ತಲ್ಲ, ಅಮ್ಮಾ." ಅನಂತರ ಅವರು ನನ್ನ ಕರೆಯನ್ನು ಸ್ವೀಕರಿಸಿಲ್ಲ.

ಕೊಳ್ಳುವುದೇ ಆದರೆ ಖಾಲಿ ಕುಂಡ ಕೊಳ್ಳಿ, ಮಣ್ಣನ್ನು ನೀವೇ ತುಂಬಿರಿ. ಪ್ರತಿಯೊಂದಕ್ಕೂ ಅವರೆದುರೇ ನೀರು ಸುರಿದು, ಒಳಬಕೆಟ್ಟಿನ ತಳಕ್ಕಿಂತ ಸ್ವಲ್ಪ ಕೆಳಗಿರುವ ತೂತಿನಿಂದ ನೀರು ಹೊರಬರುವುದನ್ನು ನೋಡಿದ ಮೇಲೆಯೇ ಹಣ ಕೊಡಿ. ಕೊಳವೆಯ ಬಾಯಿಗೆ ಸೊಳ್ಳೆಬಲೆ ಕಟ್ಟಿರಿ. ಸಿಹಿಮಾತನಾಡಿ ಮುಂಗಡ ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ನನ್ನ ಹಣ ಇನ್ನೂ ಬಂದಿಲ್ಲ. ಬಕೆಟ್‌ಗಳನ್ನು ತಾರಸಿಯ ಮೂಲೆಯಲ್ಲಿ ಬೋರಲು ಹಾಕಿದ್ದೇನೆ. ಅಕ್ಕನ ಬಳಿ ಆ ಬೀಜ ಇನ್ನು ಒಂದು ಹಿಡಿಯಷ್ಟೇ ಉಳಿದಿದೆ.