ನಾಲ್ಕು ಕಾಲಿನ ಕೋಲು, ಒಂದು ಕಾಲಿನ ಕೋಲು: ಒಂದು ಮಳೆಗಾಲ ಬಳಸಿ ನೋಡಿದ ಮೇಲೆ

ನಾಲ್ಕು ಕಾಲಿನ ಊರುಗೋಲು ತರಿಸಬೇಕು ಅಂತ ಇದ್ದರೆ ಮೊದಲು ನಿಮ್ಮ ಮನೆ ಮೆಟ್ಟಿಲು ಎಷ್ಟು ಅಗಲ ಇದೆ ಅಂತ ಅಳೆದು ನೋಡಿ. ನಾನು ಅಳೆಯಲಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನನಗೆ 68. ಬಲ ಮಂಡಿ ಸವೆದಿದೆ ಅಂತ ಎಕ್ಸ್‌ರೇ ನೋಡಿ ಹೇಳಿದ್ದಾರೆ, ಆದರೆ ಆಪರೇಶನ್ ಮಾಡಿಸುವಷ್ಟಲ್ಲ. ಮನೆ ಸಿರ್ಸಿ ಪೇಟೆಯಿಂದ 14 ಕಿಲೋಮೀಟರ್ ಒಳಗೆ. ಮಳೆಗಾಲದಲ್ಲಿ ಇಲ್ಲಿಯ ಅಂಗಳ ಹೇಗಿರುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಜೂನ್ ಮುಗಿಯುವುದರೊಳಗೆ ಹಾವಸೆ (ಪಾಚಿ) ಹಿಡಿದಿರುತ್ತದೆ, ಜಾರಬಾರದು ಅಂತ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಹಾಸಿದರೆ ಸ್ವಲ್ಪ ದಿನಕ್ಕೆ ಆ ದಬ್ಬೆಯೇ ಜಾರುತ್ತದೆ, ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದರೆ ಒಂದು ವಾರ ಸರಿ, ಮತ್ತೆ ಅದೇ ಕಥೆ. ಆಚೆ ವರ್ಷ ಕೊಟ್ಟಿಗೆಗೆ ಹೋಗುವಾಗ ಜಾರಿ ಕೂತೆ. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. ಆದರೆ ಹೆದರಿಕೆ ಹೊಕ್ಕಿತು ನೋಡಿ, ಎರಡು ತಿಂಗಳು ಜಗಲಿ ಬಿಟ್ಟು ಕೆಳಗೆ ಇಳಿದದ್ದೇ ಕಡಿಮೆ, ಬಿದ್ದದ್ದಕ್ಕಿಂತ ಹಾಗೆ ಕೂತದ್ದೇ ನನ್ನ ಕಾಲನ್ನು ಜಾಸ್ತಿ ಹಾಳು ಮಾಡಿತು.

ಹೋದ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಮಗ ಆನ್‌ಲೈನ್‌ನಲ್ಲಿ ನಾಲ್ಕು ಕಾಲಿನ ಅಲ್ಯೂಮಿನಿಯಂ ಕೋಲು ತರಿಸಿದ. 780 ರೂಪಾಯಿ. "ನಾಲ್ಕು ಕಾಲು ಇದ್ರೆ ಗಟ್ಟಿ ಅಲ್ವಾ ಆಯಿ" ಅಂದ. ಕೇಳಲು ಸರಿಯಾಗಿಯೇ ಇದೆ. ಒಳಗಿನ ಕಾಗದದಲ್ಲಿ ಬರೀ ಇಂಗ್ಲಿಷ್, ಅದೂ ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ಒಂದು ವಾರ ನಾನು ಅದನ್ನು ಉಲ್ಟಾ ಹಿಡಿದುಕೊಂಡೇ ಓಡಾಡಿದೆ. ಅದರ ನಾಲ್ಕು ಕಾಲಲ್ಲಿ ಎರಡು ಹೊರಕ್ಕೆ ಜಾಸ್ತಿ ಚಾಚಿರುತ್ತವೆ, ಅವು ನಮ್ಮ ಮೈಯಿಂದ ಆಚೆಗೆ ಇರಬೇಕು, ನೇರ ಇರುವ ಬದಿ ನಮ್ಮ ಕಾಲಿನ ಕಡೆ. ಉಲ್ಟಾ ಹಿಡಿದರೆ ಬೀಳದಿರಲಿ ಅಂತ ತಂದ ಕೋಲೇ ಎಡವಿಸುತ್ತದೆ. ನನ್ನನ್ನು ಎರಡು ಸಲ ಎಡವಿಸಿತು.

ಇನ್ನು ಮೆಟ್ಟಿಲು. ನಮ್ಮದು ಹಳೇ ಮನೆ, ಚಿರೆಕಲ್ಲಿನ ಕಿರಿದಾದ ಮೆಟ್ಟಿಲು. ನಾಲ್ಕು ಕಾಲೂ ಒಂದೇ ಮೆಟ್ಟಿಲ ಮೇಲೆ ಕೂರುವುದಿಲ್ಲ, ಎರಡು ಗಾಳಿಯಲ್ಲಿ. ಅಡ್ಡ ತಿರುಗಿಸಿ ಇಡಬೇಕು, ಅಷ್ಟರಲ್ಲಿ ಕೈಯಲ್ಲಿದ್ದ ಹಾಲಿನ ಚೊಂಬು ಅರ್ಧ ಖಾಲಿ. ದಬ್ಬೆಯ ಮೇಲಂತೂ ಬೇಡವೇ ಬೇಡ, ಒಂದು ಕಾಲು ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಏರು ತಗ್ಗು ಇರುವ ತೋಟದ ದಾರಿಯಲ್ಲಿ ನಾಲ್ಕರಲ್ಲಿ ಮೂರು ಮಾತ್ರ ನೆಲಕ್ಕೆ ತಾಗುತ್ತವೆ, ಭಾರ ಬಿಟ್ಟ ಕೂಡಲೇ ಕಟಕ್ ಅಂತ ಆಚೆ ವಾಲುತ್ತದೆ. ಭಾರವೂ ಜಾಸ್ತಿ, ಸಂಜೆಗೆ ಮಣಿಕಟ್ಟು ನೋಯುತ್ತಿತ್ತು.

ಜೂನ್ ಮೊದಲ ವಾರ ಸಿರ್ಸಿಯ ಒಂದು ಮೆಡಿಕಲ್‌ನಲ್ಲಿ 420 ರೂಪಾಯಿಗೆ ಒಂದು ಕಾಲಿನದು ತಂದೆ. ಹಗುರ ಇದೆ. ಎತ್ತರಕ್ಕೆ ತೂತುಗಳು, ಗುಂಡಿ ಒತ್ತಿ ಮೇಲೆ ಕೆಳಗೆ ಮಾಡುವುದು. ಅಂಗಡಿಯ ಹುಡುಗ ಅಂದಾಜಿಗೆ ಒಂದು ತೂತಿಗೆ ಹಾಕಿ ಕೊಟ್ಟ, ಹದಿನೈದು ದಿನದಲ್ಲಿ ನನ್ನ ಭುಜ ಹಿಡಿದುಕೊಂಡಿತು. ಆಮೇಲೆ ಫಿಸಿಯೋಥೆರಪಿಗೆ ಹೋದಾಗ ಅಲ್ಲಿಯ ತಂಗಿ ನೋಡಿ ಎರಡು ತೂತು ಕೆಳಗಿಳಿಸಿದಳು. ಲೆಕ್ಕ ಇಷ್ಟೇ: ದಿನಾ ಹಾಕುವ ಚಪ್ಪಲಿ ಹಾಕಿ ನೇರ ನಿಲ್ಲಿ, ಕೈ ಜೋಲು ಬಿಡಿ, ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಕೋಲಿನ ಹಿಡಿ ಬರಬೇಕು. ಹಿಡಿದಾಗ ಮೊಣಕೈ ಸ್ವಲ್ಪವೇ ಬಾಗಿರುತ್ತದೆ.

ಇನ್ನೊಂದು ತಪ್ಪನ್ನೂ ಅವಳೇ ತಿದ್ದಿದಳು. ನೋಯುವುದು ಬಲಗಾಲು ಅಂತ ನಾನು ಕೋಲನ್ನೂ ಬಲಗೈಯಲ್ಲೇ ಹಿಡಿಯುತ್ತಿದ್ದೆ. ಎಡಗೈಯಲ್ಲಿ ಹಿಡಿದು, ಬಲಗಾಲು ಮುಂದಿಡುವಾಗಲೇ ಕೋಲೂ ಮುಂದೆ ಹೋಗಬೇಕಂತೆ, ಆಗ ನೋವಿನ ಕಾಲಿನ ಭಾರ ಕೋಲಿಗೆ ಹಂಚಿಹೋಗುತ್ತದೆ. ನಾಟಕದಲ್ಲಿ ಅಜ್ಜನ ಪಾತ್ರದವರು ಕುಂಟುವ ಕಾಲಿನ ಕಡೆಯೇ ಕೋಲು ಹಿಡಿಯುತ್ತಾರಲ್ಲ, ಅದನ್ನು ನೋಡಿ ಕಲಿತದ್ದು ಇರಬೇಕು ನಾನು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು. ಇಳಿಯುವಾಗ ಕೋಲು, ನೋವಿನ ಕಾಲು ಮೊದಲು, ಗಟ್ಟಿ ಕಾಲು ಆಮೇಲೆ.

ಅಲ್ಲೇ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಕೈ ಎದೆಗೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡುವಾ ಅಂದಳು. ಏಳು ಸಲ. 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಡಿಮೆ ಆದರೆ ಬೀಳುವ ಅಪಾಯ ಇದೆ ಅಂತ ಲೆಕ್ಕವಂತೆ. ನನಗೆ ನಿಜಕ್ಕೂ ನಾಚಿಕೆಯಾಯಿತು, ಒಂದು ಕಾಲದಲ್ಲಿ ಸೊಪ್ಪಿನ ಹೊರೆ ಹೊತ್ತು ಬೆಟ್ಟ ಇಳಿದವಳು ನಾನು. ವಿಶ್ವ ಆರೋಗ್ಯ ಸಂಸ್ಥೆಯವರು 65 ದಾಟಿದವರಿಗೂ ವಾರಕ್ಕೆ 150 ನಿಮಿಷವಾದರೂ ನಡಿಗೆಯಂಥದ್ದು ಬೇಕು, ಜೊತೆಗೆ ವಾರಕ್ಕೆ ಮೂರು ದಿನ ಸಮತೋಲನದ್ದು, ಶಕ್ತಿಯದ್ದು ಬೇರೆ ಬೇಕು ಅನ್ನುತ್ತಾರೆ. ನಾನು ಮಾಡುವುದು ಇಷ್ಟು: ಚಹಾ ಕುದಿಯುವ ತನಕ ಅಡಿಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂದೊಂದೇ ಕಾಲಲ್ಲಿ ನಿಲ್ಲುವುದು, ಆಮೇಲೆ ಕುರ್ಚಿಯಿಂದ ಹತ್ತು ಸಲ ಏಳುವುದು. ಕೋಲು ಇದ್ದದ್ದಕ್ಕೆ ಮಳೆಯಲ್ಲೂ ಬಸ್ ಸ್ಟಾಪಿನ ತನಕ ಹೋಗಿ ಬಂದೆ, ಇಲ್ಲದಿದ್ದರೆ ಮತ್ತೆ ಜಗಲಿಯೇ ಗತಿ ಆಗುತ್ತಿತ್ತು. ಈಗ 30 ಸೆಕೆಂಡಿಗೆ ಹತ್ತು ಆಗುತ್ತದೆ. ಹನ್ನೊಂದು ಇನ್ನೂ ಆಗಿಲ್ಲ.

ಒಂದು ಕಾಲಿನದರಲ್ಲಿ ತಪ್ಪೇ ಇಲ್ಲ ಅಂತಲ್ಲ. ಹಿಡಿ ನಯವಾದ ಪ್ಲಾಸ್ಟಿಕ್, ಕೈ ಒದ್ದೆಯಾದರೆ ಜಾರುತ್ತದೆ. ಕೈಗೆ ಸಿಕ್ಕಿಸಿಕೊಳ್ಳಲು ದಾರ ಇರಲಿಲ್ಲ, ನಾನೇ ಹಳೇ ಲಂಗದ ಲಾಡಿ ಕಟ್ಟಿಕೊಂಡೆ. ಅಲ್ಯೂಮಿನಿಯಂಗೆ ತುಕ್ಕು ಹಿಡಿಯದಿದ್ದರೂ ಒಳಗಿನ ಸ್ಪ್ರಿಂಗಿಗೆ ಹಿಡಿಯುತ್ತದೆ, ಆಗಸ್ಟ್ ಹೊತ್ತಿಗೆ ಗುಂಡಿ ಒತ್ತಲಿಕ್ಕೇ ಬರಲಿಲ್ಲ, ತೆಂಗಿನೆಣ್ಣೆ ಬಿಟ್ಟ ಮೇಲೆ ಸರಿಯಾಯಿತು. ತೋಟದ ಮೆತ್ತನೆ ಮಣ್ಣಿನಲ್ಲಿ ತುದಿ ಹುಗಿಯುತ್ತದೆ. ಸಂಕ (ಹಳ್ಳದ ಮೇಲಿನ ಮರದ ಕಾಲುಸೇತುವೆ) ದಾಟಲು ಈಗಲೂ ಯಾರದಾದರೂ ಕೈ ಬೇಕು, ಅದಕ್ಕೆ ಯಾವ ಕೋಲೂ ಆಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ತುದಿಯ ರಬ್ಬರ್ ಬುಷ್. ನಾಲ್ಕು ತಿಂಗಳಲ್ಲಿ ಅದರ ಗೆರೆಗಳೆಲ್ಲ ಸವೆದು ಬೋಳಾಗಿತ್ತು, ನಾನು ನೋಡಿಯೇ ಇರಲಿಲ್ಲ, ಜಗಲಿಯ ಒದ್ದೆ ಸಿಮೆಂಟಿನ ಮೇಲೆ ಸರ್ರನೆ ಜಾರಿದ ಮೇಲೆ ಗೊತ್ತಾಯಿತು. ಕೋಲು ಮಾರಿದ ಅಂಗಡಿಯಲ್ಲಿ ಬುಷ್ ಬೇರೆ ಸಿಗುವುದಿಲ್ಲವಂತೆ, ಹೊಸ ಕೋಲೇ ತಗೊಳ್ಳಿ ಅಂದರು. ಎಂಥ ವ್ಯಾಪಾರ! ಇನ್ನೊಂದು ಅಂಗಡಿಯಲ್ಲಿ 40 ರೂಪಾಯಿಗೆ ಸಿಕ್ಕಿತು. ಹೋಗುವಾಗ ಹಳೇ ಬುಷ್ ಜೇಬಲ್ಲೋ ಚೀಲದಲ್ಲೋ ಹಾಕಿಕೊಂಡು ಹೋಗಿ, ಪೈಪಿನ ದಪ್ಪದಲ್ಲಿ ಬೇರೆ ಬೇರೆ ಅಳತೆ ಇದೆ. ನನ್ನದು 19 ಮಿಲಿಮೀಟರ್. ಎರಡು ತಂದಿಟ್ಟುಕೊಂಡಿದ್ದೇನೆ.

ಮಡಚುವ ಕೋಲೂ ಬರುತ್ತದೆ. ಭಾವನವರ ಹತ್ತಿರ ಇದೆ, ಚೀಲದಲ್ಲಿ ಹಿಡಿಸುತ್ತದೆ, ಆದರೆ ಭಾರ ಹಾಕಿದರೆ ಕೀಲು ಅಲ್ಲಾಡುತ್ತದೆ. ನನಗೆ ಧೈರ್ಯ ಬರಲಿಲ್ಲ.

ಕೋಲು ಹಿಡಿದರೆ ಜನ ಮುದುಕಿ ಅನ್ನುತ್ತಾರೆ ಅಂತ ನಮ್ಮನೆಯವರಿಗೆ ಚಿಂತೆ (ಅವರಿಗೆ 74, ಅವರು ಮುದುಕರಲ್ಲವಂತೆ). ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಸೀಟೂ ಇಲ್ಲ, ಆದರೆ ಕೋಲು ಕಂಡರೆ ಯಾರಾದರೂ ಎದ್ದೇ ಏಳುತ್ತಾರೆ. ಸಿರ್ಸಿಯ ಮಾರಿಕಾಂಬಾ ಜಾತ್ರೆಯಲ್ಲಿ, ದೇವಿಯನ್ನು ಕೂರಿಸುವ ಬಿಡಕಿಬೈಲಿನ ಆ ನೂಕುನುಗ್ಗಲಲ್ಲೂ ದಾರಿ ಬಿಟ್ಟರು. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಹೋಗದೇ ಇರಲಿಕ್ಕೆ ಆಗುತ್ತದಾ?

ಸ್ಟಾರ್ ಕೊಡುವುದಾದರೆ ಒಂದು ಕಾಲಿನದಕ್ಕೆ ನಾಲ್ಕು, ಒಂದು ಕಳೆದದ್ದು ಆ ಹಿಡಿಗೆ ಮತ್ತು ಬುಷ್‌ಗೆ. ನಾಲ್ಕು ಕಾಲಿನದಕ್ಕೆ ಎರಡೂವರೆ. ಪೇಟೆಯಲ್ಲಿ ಸಪಾಟು ಟೈಲ್ಸ್ ನೆಲದ ಮನೆ, ಲಿಫ್ಟ್ ಇದ್ದವರಿಗೆ, ಅಥವಾ ಒಂದು ಬದಿ ಶಕ್ತಿ ಕಡಿಮೆಯಾಗಿ ಡಾಕ್ಟರೇ ಹೇಳಿದವರಿಗೆ ಅದು ಬೇಕಾಗುತ್ತದೆ. ನಮ್ಮ ಮನೆಯಲ್ಲಿ ಅದು ಈಗ ಬಚ್ಚಲ ಬಾಗಿಲಲ್ಲಿ ಇರುತ್ತದೆ. ಗೋಡೆಗೆ ಒರಗಿಸದೇ ತಾನೇ ನಿಲ್ಲುತ್ತದೆ, ಆ ಅರ್ಧ ಸ್ಟಾರ್ ಅದಕ್ಕೇ.