ಗುಂಡು ಹೊರಟಿತು ಅಂದುಕೊಂಡೆ, ಅದು ಬ್ಯಾರೆಲ್‌ನಲ್ಲೇ ಇತ್ತು

ಪಾಯಿಂಟ್ ಟೂ ಟೂ (0.22 ಇಂಚು ಅಳತೆಯ ಸಣ್ಣ ಗುಂಡಿನ) ರೈಫಲ್‌ನಲ್ಲಿ ದೂರದ ಗುರಿಗೆ ಹೊಡೆಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಎಷ್ಟೋ ವರ್ಷದಿಂದ ಜೋಪಾನ ಮಾಡಿಕೊಂಡು ಬಂದ ನನ್ನ ಬ್ಯಾರೆಲ್ ಒಂದೇ ಬೆಳಗ್ಗೆ ಹಾಳಾಯಿತು. ಹಾಳಾಗಿದೆ ಅಂತ ಗೊತ್ತಾಗಲು ಮೂರು ವಾರ ಹಿಡಿಯಿತು. ಬ್ಯಾರೆಲ್ ಹೋದರೆ ಹೋಗಲಿ. ಆ ಹೊತ್ತಿನಲ್ಲಿ ನನ್ನ ಪಕ್ಕದಲ್ಲಿ ಅಕ್ಕನ ಮಗ ಕೂತಿದ್ದ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ.

ಗುರಿ ಇದ್ದದ್ದು 200 ಮೀಟರ್ ದೂರದಲ್ಲಿ. ಒಂದು ಗೇಣಿಗಿಂತ ಸ್ವಲ್ಪ ಅಗಲದ ಉಕ್ಕಿನ ತಟ್ಟೆ, ಅದರ ಹಿಂದೆ ಎತ್ತರದ ಮಣ್ಣಿನ ದಿಬ್ಬ. 50 ಮೀಟರಿಗೆ ಝೀರೋ ಮಾಡಿದ (ಅಲ್ಲಿ ಗುಂಡು ಗುರಿಗೇ ಬೀಳುವ ಹಾಗೆ ಸ್ಕೋಪ್ ಹೊಂದಿಸಿದ) ರೈಫಲ್ ಹಿಡಿದು 200 ಮೀಟರಿಗೆ ಹೊಡೆದರೆ ಗುಂಡು ಸುಮಾರು ಒಂದೂವರೆ ಮೀಟರ್ ಕೆಳಗೆ ಇಳಿಯುತ್ತದೆ. ಅಷ್ಟನ್ನೂ ಸ್ಕೋಪಿನ ತಿರುಗಣೆಯಲ್ಲಿ ಸರಿದೂಗಿಸಬೇಕು. ಟ್ರಿಗರ್ ಒತ್ತಿದ ಮೇಲೆ ಗುಂಡು ತಲುಪಲು ಮುಕ್ಕಾಲು ಸೆಕೆಂಡಿನ ಹತ್ತಿರ ಬೇಕು. ತಟ್ಟೆಗೆ ಬಡಿದ 'ಟಿಣ್' ಸದ್ದು ನಮ್ಮ ಕಿವಿಗೆ ವಾಪಸ್ ಬರಲು ಇನ್ನೂ ಅರ್ಧ ಸೆಕೆಂಡಿಗಿಂತ ಜಾಸ್ತಿ. ಉಸಿರು ಹಿಡಿದು ಆ 'ಟಿಣ್'ಗೆ ಕಾಯುವುದಿದೆಯಲ್ಲ, ನನ್ನನ್ನು ಈ ಆಟಕ್ಕೆ ಎಳೆದದ್ದೇ ಅದು.

ಇಲ್ಲಿ ಗುರಿ ತಪ್ಪುವುದು ದಿನನಿತ್ಯದ ಮಾತು. ಸಣ್ಣ ಗಾಳಿ ಬೀಸಿದರೂ ಗುಂಡು ಪಕ್ಕಕ್ಕೆ ಸರಿಯುತ್ತದೆ. ಅದಕ್ಕೇ ಸ್ಪಾಟಿಂಗ್ ಸ್ಕೋಪ್ (ದೂರದ್ದನ್ನು ಹತ್ತಿರ ತೋರಿಸುವ ದುರ್ಬೀನು) ಹಿಡಿದು ಒಬ್ಬರು ಪಕ್ಕದಲ್ಲಿರಬೇಕು. ಗುಂಡು ತಪ್ಪಿದರೆ ದಿಬ್ಬದಲ್ಲಿ ಪುಟ್ಟ ಧೂಳು ಏಳುತ್ತದೆ. ಅದನ್ನು ನೋಡಿ "ಕೆಳಗೆ ಮಾವ", "ಎಡಕ್ಕೆ ಮಾವ" ಅಂತ ಹೇಳುವುದು ಆ ಹುಡುಗನ ಕೆಲಸ. ಕಣ್ಣು ಚುರುಕು. ನನಗಿಂತ ಚೆನ್ನಾಗಿ ನೋಡುತ್ತಾನೆ.

ಈಗ ತೋಟಾಗಳ ವಿಷಯ. ತೋಟಾ ಅಂದರೆ ಮದ್ದು ತುಂಬಿದ ಹಿತ್ತಾಳೆ ಕೇಸು, ಅದರ ಬಾಯಲ್ಲಿ ಗುಂಡು. ತಪ್ಪು ಶುರುವಾದದ್ದೇ ಅಲ್ಲಿ. ಒಬ್ಬರು ಶೂಟಿಂಗ್ ಬಿಡುತ್ತಿದ್ದೇನೆ ಅಂತ ತಮ್ಮ ಹಳೇ ದಾಸ್ತಾನನ್ನೆಲ್ಲ ಕೊಟ್ಟರು. ಕೆಟ್ಟ ಮನುಷ್ಯರೇನಲ್ಲ. ಆದರೆ ಒಂದು ತೋಟಾಕ್ಕೂ ಡಬ್ಬಿ ಇರಲಿಲ್ಲ. ಬೇರೆ ಬೇರೆ ಪೆಟ್ಟಿಗೆಯದನ್ನೆಲ್ಲ ಒಂದೇ ಪ್ಲಾಸ್ಟಿಕ್ ಜಾಡಿಗೆ ಸುರಿದಿಟ್ಟಿದ್ದರು. ಮುಚ್ಚಳ ತೆಗೆದರೆ ಎಣ್ಣೆ ವಾಸನೆ. ಹಿತ್ತಾಳೆ ಮಂಕಾಗಬಾರದು ಅಂತ ಎಣ್ಣೆ ಸವರಿದ್ದರಂತೆ. ಕೈಗೆತ್ತಿಕೊಂಡರೆ ಬೆರಳು ಜಾರುತ್ತಿತ್ತು. ಕೆಲವು ಗುಂಡುಗಳನ್ನು ಹಿಡಿದು ಒತ್ತಿದರೆ ಕೇಸಿನಲ್ಲಿ ಅಲುಗಾಡುತ್ತಿದ್ದವು. ಇದೆಲ್ಲ ಕಣ್ಣಿಗೆ ಬಿದ್ದಿತ್ತು. ಅಭ್ಯಾಸಕ್ಕೆ ತಾನೇ, ನಡೆಯುತ್ತೆ ಅಂದುಕೊಂಡೆ.

ಆ ದಿನ ಪಕ್ಕದ ಲೇನಿನಲ್ಲಿ ಒಬ್ಬರು ದೊಡ್ಡ ರೈಫಲ್ ಹೊಡೆಯುತ್ತಿದ್ದರು. ಒಂದೊಂದು ಏಟಿಗೂ ಎದೆ ನಡುಗುತ್ತಿತ್ತು. ನಾವಿಬ್ಬರೂ ಕಿವಿಯೊಳಗೆ ಪ್ಲಗ್, ಮೇಲೆ ಮಫ್ ಹಾಕಿಕೊಂಡಿದ್ದೆವು. ಜಾಡಿಯ ತೋಟಾಗಳು ಮೊದಲಿನಿಂದಲೂ ಅಂಕೆಗೆ ಸಿಗಲಿಲ್ಲ. ಒಂದು ತಟ್ಟೆಗೆ ಬಡಿದರೆ ಮುಂದಿನದು ಗೇಣು ಕೆಳಗೆ, ಅದರ ಮುಂದಿನದು ಬುಡದ ಹುಲ್ಲಿಗೆ. ಆಮೇಲೆ ಒಂದು ಹೊಡೆದೆ. ಎಂದಿನ 'ಟಪ್' ಬರಲಿಲ್ಲ. ಎಲ್ಲೋ ಒಳಗೆ 'ಠುಸ್' ಅಂದ ಹಾಗೆ. ಅದೇ ಕ್ಷಣಕ್ಕೆ ಪಕ್ಕದ ಲೇನಿನಲ್ಲೂ ಏಟು ಬಿತ್ತು.

"ಮಾವ, ಮಣ್ಣೇ ಏಳಲಿಲ್ಲ."

"ಹುಲ್ಲಿನೊಳಗೆ ಹೋಗಿರಬೇಕು ಕಣೋ."

"ಸೌಂಡೂ ಒಂಥರಾ ಇತ್ತು."

"ಮಫ್ ಹಾಕ್ಕೊಂಡಿದೀಯಲ್ಲ, ಹಾಗೇ ಕೇಳಿಸೋದು. ನೋಡ್ತಾ ಇರು."

ಬೋಲ್ಟ್ (ಬ್ಯಾರೆಲ್ಲಿನ ಹಿಂಬಾಯಿ ಮುಚ್ಚುವ, ಕೈಯಿಂದ ಎಳೆದು ತಳ್ಳುವ ಉಕ್ಕಿನ ಸರಳು) ಎಳೆದೆ. ಖಾಲಿ ಕೇಸ್ ಹೊರಗೆ ಬಂತು. ಅದರ ಹಿಂದೆಯೇ ತೆಳ್ಳಗೆ ಹೊಗೆ. ಬೋಲ್ಟ್ ಓಡಾಡುವ ಜಾಗದಲ್ಲಿ ನಾಲ್ಕೈದು ಚೂರು, ಸಾಸಿವೆಗಿಂತ ಸಣ್ಣವು, ಹಸಿರು ಬೆರೆತ ಕಪ್ಪು ಬಣ್ಣ. ಉರಿಯದೆ ಉಳಿದ ಮದ್ದು. ಅದನ್ನು ಬೆರಳಲ್ಲಿ ಒರೆಸಿ, ಪ್ಯಾಂಟಿಗೆ ಕೈ ಸವರಿ, ಮುಂದಿನ ತೋಟಾ ತಳ್ಳಿದೆ. ಅದು ಯಾವ ತಡೆಯೂ ಇಲ್ಲದೆ ಒಳಗೆ ಹೋಯಿತು. ಟ್ರಿಗರ್ ಒತ್ತಿದೆ.

ಈ ಸಲ 'ಧಡ್' ಅಂತು. ಹೆಗಲಿಗೆ ಎಂದೂ ಇಲ್ಲದ ಒಂದು ಒದೆತ.

"ಮಾವ, ಎರಡು ಕಡೆ ಮಣ್ಣು ಎದ್ದಿತು!"

ನಾನು ಆಗಲೂ ನಿಲ್ಲಿಸಲಿಲ್ಲ. ಕಲ್ಲಿಗೆ ತಾಗಿ ಚಿಮ್ಮಿರಬೇಕು ಅಂದೆ. ಒಂದು ಏಟಿಗೆ ಎರಡು ಗುಂಡು ಹೊರಗೆ ಹೋಗಿದ್ದವು. ಹುಡುಗ ಕಂಡದ್ದನ್ನು ಕಂಡ ಹಾಗೆ ಎರಡು ಸಲ ಹೇಳಿದ. ಎರಡು ಸಲವೂ ನಾನು ಅವನ ಬಾಯಿ ಮುಚ್ಚಿಸಿದೆ.

ಅವತ್ತಿನಿಂದ ರೈಫಲ್ ಹೊಡೆತ ಕೆಟ್ಟಿತು. ಒಳ್ಳೇ ತೋಟಾ ಹಾಕಿದರೂ 50 ಮೀಟರಿನಲ್ಲೇ ಗುಂಡುಗಳು ಚೆಲ್ಲಾಪಿಲ್ಲಿ. ಸ್ಕೋಪಿನ ಸ್ಕ್ರೂ ಬಿಗಿ ಮಾಡಿದೆ. ಸ್ಕೋಪನ್ನೇ ಬದಲಾಯಿಸಿದೆ. ಗಾಳಿಯನ್ನು ಬೈದೆ, ನನ್ನ ಉಸಿರಾಟವನ್ನು ಬೈದೆ. ಮೂರು ವಾರ ಆದ ಮೇಲೆ ಒಂದು ಸಂಜೆ ಬ್ಯಾರೆಲ್ ಒರೆಸಲು ಕೂತೆ. ರಾಡಿನ ತುದಿಗೆ ಬಟ್ಟೆ ತುಂಡು ಸಿಕ್ಕಿಸಿ ಹಿಂದಿನಿಂದ ಮೆಲ್ಲಗೆ ತಳ್ಳಿದೆ. ಬಟ್ಟೆ ಬಿಗಿಯಾಗಿ, ಒಂದೇ ಸಮ ಹೋಗುತ್ತಿತ್ತು. ಅರ್ಧ ದಾಟಿದ ಮೇಲೆ ತಟ್ಟನೆ ಕೈ ಹಗುರವಾಯಿತು. ಬರೀ ಒಂದು ಬೆರಳಗಲ ಜಾಗ. ಆಮೇಲೆ ಮತ್ತೆ ಬಿಗಿ. ವಾಪಸ್ ಎಳೆದೆ. ಅದೇ ಜಾಗದಲ್ಲಿ ಮತ್ತೆ ಸಡಿಲ. ನಾಲ್ಕು ಸಲ ಮಾಡಿ ನೋಡಿದೆ, ನಂಬಲು ಮನಸ್ಸಿಲ್ಲದೆ.

ಮಾರನೇ ದಿನ ರಿಪೇರಿ ಮಾಡುವವರ ಹತ್ತಿರ ಕೊಂಡುಹೋದೆ. ಅವರು ಬೋಲ್ಟ್ ತೆಗೆದು, ಬ್ಯಾರೆಲ್ಲನ್ನು ಬೆಳಕಿಗೆ ಹಿಡಿದು ಹಿಂದಿನಿಂದ ನೋಡಿದರು. ನನಗೂ ತೋರಿಸಿದರು. ಹೊಳೆಯುವ ಕೊಳವೆಯ ನಡುವೆ ಬಳೆಯ ಹಾಗೆ ಒಂದು ಕಪ್ಪು ಗೆರೆ. ಒಳಗೋಡೆ ಅಲ್ಲಿ ಸುತ್ತಲೂ ಹೊರಕ್ಕೆ ಉಬ್ಬಿತ್ತು. ಬ್ಯಾರೆಲ್ ದಪ್ಪ ಇದ್ದದ್ದಕ್ಕೆ ಹೊರಗಡೆ ಕೈಯಾಡಿಸಿದರೆ ಏನೂ ಗೊತ್ತಾಗುತ್ತಿರಲಿಲ್ಲ. "ಮುಂದೆ ಒಂದು ಗುಂಡು ಕೂತಿರುವಾಗ ಹಿಂದಿನಿಂದ ಇನ್ನೊಂದು ಹೊಡೆದಿದ್ದೀರಿ, ಅಲ್ವಾ?" ಅಂದರು. ನಾನು ಇಲ್ಲ ಅನ್ನಲು ಬಾಯಿ ತೆರೆದೆ. ಹುಡುಗನ ಮಾತು ಆಗ ನೆನಪಾಯಿತು.

ಇದು ಹೇಗಾಗುತ್ತದೆ ಅಂತ ತಿಳಿದುಕೊಂಡರೆ ನಿಮಗೆ ಮುಂದೆ ಉಪಯೋಗಕ್ಕೆ ಬರುತ್ತದೆ. ದೊಡ್ಡ ತೋಟಾಗಳಲ್ಲಿ ಕಿಡಿ ಕೊಡುವ ಕ್ಯಾಪು ಹಿಂಭಾಗದ ನಡುವೆ ಇರುತ್ತದೆ. ನಮ್ಮ ರಿಮ್‌ಫೈರ್ ತೋಟಾದಲ್ಲಿ ಅದು ಇಲ್ಲ. ಕೇಸಿನ ಹಿಂದಿನ ಅಂಚನ್ನು ಮಡಚಿ, ಆ ಮಡಿಕೆಯೊಳಗೇ ಕಿಡಿಮದ್ದನ್ನು ಹರಡಿರುತ್ತಾರೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಕಿಡಿ ಹುಟ್ಟುತ್ತದೆ. ಆಮೇಲೆ ಮುಖ್ಯ ಮದ್ದು ಉರಿಯಬೇಕು. ಆ ಮದ್ದಾದರೂ ಎಷ್ಟು? ಒಂದು ಗ್ರಾಮಿನ ಹತ್ತನೇ ಒಂದು ಭಾಗದ ಆಸುಪಾಸು. ಅಷ್ಟರಲ್ಲಿ ಸ್ವಲ್ಪ ಕಡಿಮೆ ಬಿದ್ದರೂ, ತೇವ ಅಥವಾ ಎಣ್ಣೆ ಇಳಿದರೂ ಸರಿಯಾಗಿ ಉರಿಯುವುದಿಲ್ಲ. ಆದರೆ ಕಿಡಿಮದ್ದೊಂದಕ್ಕೇ ಗುಂಡನ್ನು ಕೇಸಿನಿಂದ ಕಿತ್ತು ಬ್ಯಾರೆಲ್ಲಿನೊಳಗೆ ತಳ್ಳುವಷ್ಟು ಶಕ್ತಿ ಇದೆ. ಹೊರಗೆ ಕಳಿಸುವಷ್ಟು ಇಲ್ಲ. ಗುಂಡು ದಾರಿಯಲ್ಲೇ ನಿಲ್ಲುತ್ತದೆ. ಇದಕ್ಕೆ ಸ್ಕ್ವಿಬ್ ಅನ್ನುತ್ತಾರೆ. ಹಿಂದಿನಿಂದ ಬಂದ ಎರಡನೇ ಗುಂಡು ಅದಕ್ಕೆ ಢಿಕ್ಕಿ ಹೊಡೆದಾಗ ಆ ಜಾಗದಲ್ಲಿ ಒತ್ತಡ ಒಮ್ಮೆಲೇ ಏರಿ ಉಕ್ಕು ಉಬ್ಬುತ್ತದೆ.

ಗುಂಡು ಅಲುಗಾಡುತ್ತಿತ್ತು ಅಂದೆನಲ್ಲ, ಅದಕ್ಕೂ ಕಾರಣ ಇದೆ. ಪಾಯಿಂಟ್ ಟೂ ಟೂ ಲಾಂಗ್ ರೈಫಲ್ ತೋಟಾ ಬಂದದ್ದು 1887ರಲ್ಲಿ. ಇವತ್ತಿಗೂ ಅದೇ ಕಟ್ಟು. ಗುಂಡಿನ ಹೊರಮೈ ಮತ್ತು ಕೇಸಿನ ಹೊರಮೈ ಒಂದೇ ಅಳತೆ. ಗುಂಡಿನ ಹಿಂಭಾಗದಲ್ಲಿ ಸ್ವಲ್ಪ ಕಿರಿದಾಗಿರುವ ಹಿಮ್ಮಡಿಯನ್ನಷ್ಟೇ ಕೇಸಿನ ಬಾಯಿ ಕಚ್ಚಿಕೊಂಡಿರುತ್ತದೆ. ಮೆತ್ತಗಿನ ಸೀಸ, ತೆಳು ಹಿತ್ತಾಳೆ. ಜಾಡಿಯಲ್ಲಿ ಹಾಕಿ ವರ್ಷಗಟ್ಟಲೆ ಅಲ್ಲಾಡಿಸಿದರೆ ಆ ಹಿಡಿತ ಸಡಿಲ ಆಗದೆ ಇರುತ್ತದೆಯೇ? ಸಡಿಲ ಆದ ಕಡೆ ಎಣ್ಣೆಗೂ ತೇವಕ್ಕೂ ದಾರಿ.

ಇನ್ನೊಂದು ಮಾತು. ದೂರದ ಶೂಟಿಂಗ್ ಮಾಡುವವರಿಗೇ ಈ ಅಪಾಯ ಜಾಸ್ತಿ ಅಂತ ನನಗೆ ಈಗ ಖಾತ್ರಿಯಾಗಿದೆ. 50 ಮೀಟರಿನಲ್ಲಿ ಕಾಗದಕ್ಕೆ ಹೊಡೆಯುವಾಗ ಹೊಸ ತೂತು ಕಾಣದಿದ್ದರೆ ಯಾರಾದರೂ ತಲೆ ಎತ್ತಿ ನೋಡುತ್ತಾರೆ. 200 ಮೀಟರಿನಲ್ಲಿ 'ಟಿಣ್' ಬರದಿದ್ದರೆ ಮನಸ್ಸು ತಾನಾಗಿಯೇ ಒಂದು ಕಾರಣ ಹುಡುಕಿ ಕೊಡುತ್ತದೆ: ಗಾಳಿ, ಹುಲ್ಲು, ಬಿಸಿಲ ಝಳ. ನನ್ನ ಜಾಡಿಯಲ್ಲಿ ಬೇರೆ ಬೇರೆ ವೇಗದ ತೋಟಾ ಬೆರೆತಿದ್ದವು. ಸ್ಟ್ಯಾಂಡರ್ಡ್ ವೇಗದ್ದು ಸೆಕೆಂಡಿಗೆ 325 ಮೀಟರ್ ಸುಮಾರಿಗೆ ಹೊರಡುತ್ತದೆ, ಅಂದರೆ ಸದ್ದಿನ ವೇಗಕ್ಕಿಂತ ಕಡಿಮೆ. ಹೈ ವೆಲಾಸಿಟಿಯದು 380ರ ಹತ್ತಿರ. ಬರೀ 15 ಮೀಟರ್ ವೇಗದ ವ್ಯತ್ಯಾಸ ಆದರೂ 50 ಮೀಟರಿನಲ್ಲಿ ಒಂದು ಸೆಂಟಿಮೀಟರಿನಷ್ಟು ಮೇಲೆ ಕೆಳಗೆ ಆಗುತ್ತದೆ. 200 ಮೀಟರಿನಲ್ಲಿ ಅದೇ ಹೆಚ್ಚುಕಡಿಮೆ ಒಂದು ಗೇಣು. ಹೀಗಾಗಿ ಗುಂಡು ಎಲ್ಲೆಲ್ಲೋ ಬೀಳುವುದು ನನಗೆ ಆ ಬೆಳಗ್ಗೆ ಅಭ್ಯಾಸ ಆಗಿಬಿಟ್ಟಿತ್ತು. ಬೀಳದೇ ಇದ್ದ ಒಂದು ಗುಂಡು ಆ ಗಲಾಟೆಯಲ್ಲಿ ಕಳೆದುಹೋಯಿತು.

ಬೋಲ್ಟ್ ರೈಫಲ್ ಇದ್ದವರು ಇನ್ನೂ ಹುಷಾರಾಗಿರಬೇಕು. ಸೆಮಿ ಆಟೋದಲ್ಲಿ (ಪ್ರತಿ ಏಟಿಗೂ ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಬಂದೂಕಿನಲ್ಲಿ) ಮದ್ದು ಸರಿಯಾಗಿ ಉರಿಯದಿದ್ದರೆ ಬೋಲ್ಟ್ ಹಿಂದಕ್ಕೆ ಬರುವುದಿಲ್ಲ, ಬಂದೂಕು ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ. ನಮ್ಮದರಲ್ಲಿ ಕೈಯಿಂದಲೇ ಎಳೆದು ತಳ್ಳುತ್ತೇವೆ. ಸಿಕ್ಕಿಕೊಂಡ ಗುಂಡು ಸ್ವಲ್ಪ ಮುಂದೆ ಹೋಗಿ ಕೂತಿದ್ದರೆ ಹೊಸ ತೋಟಾ ಸಲೀಸಾಗಿ ಕೂರುತ್ತದೆ. ತಡೆಯುವುದು ಯಾವುದೂ ಇಲ್ಲ. ನಮ್ಮ ಕಿವಿ, ಹೆಗಲು, ಪಕ್ಕದಲ್ಲಿ ಕೂತವರ ಕಣ್ಣು, ಅಷ್ಟೇ.

ಸದ್ದು ಸಣ್ಣದಾಯಿತು, ಒದೆತ ಬರಲಿಲ್ಲ, ಮಣ್ಣು ಏಳಲಿಲ್ಲ, ಉರಿಯದ ಮದ್ದು ಕಂಡಿತು. ಇದರಲ್ಲಿ ಯಾವ ಒಂದಾದರೂ ಸಾಕು, ಕೈ ನಿಲ್ಲಿಸಿ. ಬ್ಯಾರೆಲ್ಲಿನ ಬಾಯಿ ದಿಬ್ಬದ ಕಡೆಗೇ ಇರಲಿ. ಕನಿಷ್ಠ 30 ಸೆಕೆಂಡ್ ಬೋಲ್ಟ್ ಮುಟ್ಟಬೇಡಿ. ಕೆಲವು ಸಲ ತೋಟಾ ತಡವಾಗಿ ಹಾರುತ್ತದೆ, ಕೈಯಲ್ಲಿ ತೆರೆದ ಬೋಲ್ಟ್ ಇರುವಾಗ ಅದು ಹಾರಬಾರದು. ಆಮೇಲೆ ಮ್ಯಾಗಜಿನ್ ತೆಗೆಯಿರಿ, ಬೋಲ್ಟ್ ತೆರೆಯಿರಿ, ಚೇಂಬರ್ (ತೋಟಾ ಕೂರುವ ಜಾಗ) ಖಾಲಿ ಇದೆಯಾ ನೋಡಿ. ಬೋಲ್ಟನ್ನು ಪೂರ್ತಿ ಹೊರಗೆ ಎಳೆದು ಹಿಂದಿನಿಂದ ಬ್ಯಾರೆಲ್ಲಿನೊಳಗೆ ನೋಡಿ. ಮುಂದಿನ ಬಾಯಿಂದ ಎಂದಿಗೂ ನೋಡಬೇಡಿ. ಆ ಕಡೆಯ ಬೆಳಕು ದುಂಡಗೆ ಕಂಡರೆ ದಾರಿ ಖಾಲಿ. ಬೆಳಕು ಕಾಣದಿದ್ದರೆ ಅವತ್ತಿನ ಶೂಟಿಂಗ್ ಮುಗಿಯಿತು. ಇನ್ನೊಂದು ಗುಂಡು ಹೊಡೆದು ಅದನ್ನು ಹೊರಗೆ ತಳ್ಳುತ್ತೇನೆ ಅನ್ನುವವರಿದ್ದಾರೆ, ದಯವಿಟ್ಟು ಅವರ ಮಾತು ಕೇಳಬೇಡಿ. ಮರದ ಕಡ್ಡಿ ಹಾಕಿ ಕುಟ್ಟಲೂ ಬೇಡಿ, ಸೀಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ಅಳತೆಗೆ ಸರಿಯಾದ ಹಿತ್ತಾಳೆ ರಾಡ್ ಇರುವ, ಕೆಲಸ ಬಲ್ಲವರ ಕೈಗೆ ಕೊಡಿ.

ಸಣ್ಣ ಬಂದೂಕು, ಏನಾಗುತ್ತೆ ಮಹಾ ಅಂತ ನಾನೂ ಅಂದುಕೊಂಡಿದ್ದವನೇ. ಈ ಪುಟ್ಟ ತೋಟಾದ ಒತ್ತಡಕ್ಕೆ ಇಟ್ಟಿರುವ ಮಿತಿ ಚದರ ಇಂಚಿಗೆ 24,000 ಪೌಂಡ್. ನನ್ನ ಬ್ಯಾರೆಲ್ ದಪ್ಪದ್ದು, ಉಬ್ಬಿ ಸುಮ್ಮನಾಯಿತು. ತೆಳ್ಳಗಿನದಾಗಿದ್ದರೆ ಸೀಳಬಹುದಿತ್ತು. ಹುಡುಗನ ಮುಖ ಅದರಿಂದ ಒಂದು ಮೊಳ ದೂರದಲ್ಲಿತ್ತು.

ತೋಟಾ ಕೊಳ್ಳುವಾಗ ಮುಚ್ಚಿದ ಡಬ್ಬಿಯಲ್ಲೇ ಕೊಳ್ಳಿ, ಅದೇ ಡಬ್ಬಿಯಲ್ಲೇ ಇಟ್ಟುಕೊಳ್ಳಿ. ಡಬ್ಬಿ ಮೇಲಿನ ಲಾಟ್ ನಂಬರ್ (ಒಂದೇ ಕಂತಿನಲ್ಲಿ ತಯಾರಾದ ತೋಟಾಗಳ ಗುರುತು) ಬೆಲೆಬಾಳುವಂಥದ್ದು. ಒಂದು ಕೆಟ್ಟದ್ದು ಸಿಕ್ಕಿದರೆ ಆ ಲಾಟನ್ನೇ ಪಕ್ಕಕ್ಕಿಡಬಹುದು. ನನ್ನ ಜಾಡಿಯಲ್ಲಿ ಯಾವುದು ಯಾವುದರ ಜೊತೆಯದು ಅಂತ ಬೇರೆ ಮಾಡುವ ದಾರಿಯೇ ಇರಲಿಲ್ಲ. ಉಳಿದದ್ದನ್ನೆಲ್ಲ ರೇಂಜ್ ನೋಡಿಕೊಳ್ಳುವವರಿಗೆ ವಿಷಯ ಹೇಳಿ ಒಪ್ಪಿಸಿದೆ. ಇನ್ನೊಬ್ಬರಿಗೆ ಕೊಡಲು ಮನಸ್ಸು ಬರಲಿಲ್ಲ. ನಿಮ್ಮ ಹತ್ತಿರ ಅಂಥದ್ದು ಇದ್ದರೆ ನೀವೂ ಯಾರಿಗೂ ಕೊಡಬೇಡಿ. ಈಗಾಗಲೇ ಹೊಡೆದಿದ್ದರೆ ರೈಫಲ್ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು ಬಟ್ಟೆ ತುಂಡು ತಳ್ಳಿ ನೋಡಿ. ಐದು ನಿಮಿಷದ ಕೆಲಸ.

ಹೊಸ ಬ್ಯಾರೆಲ್ ಹಾಕಿಸಿದ ಮೇಲೆ ನಾನು ಹುಡುಗನಿಗೆ ಒಂದು ಮಾತು ಕೊಟ್ಟೆ. ಅವನು ನಿಲ್ಲಿ ಅಂದರೆ ನಾನು ಯಾಕೆ ಅಂತ ಕೇಳುವುದಿಲ್ಲ, ಮೊದಲು ನಿಲ್ಲಿಸುತ್ತೇನೆ. ಹೋದ ವಾರ ಏಳನೇ ಗುಂಡಿಗೆ "ನಿಲ್ಲಿ ಮಾವ, ಮಣ್ಣು ಕಾಣಲಿಲ್ಲ" ಅಂದ. ನನಗೆ ಸದ್ದು ಸರಿಯಾಗೇ ಕೇಳಿಸಿತ್ತು. ಆದರೂ 30 ಎಣಿಸಿದೆ, ಬೋಲ್ಟ್ ಹೊರಗೆ ತೆಗೆದೆ, ಒಳಗೆ ನೋಡಿದೆ. ಆ ಕಡೆ ಪುಟ್ಟದಾಗಿ, ದುಂಡಗೆ ಬೆಳಕು. ಅವನಿಗೂ ತೋರಿಸಿದೆ. ರಾತ್ರಿ ಮಳೆ ಬಂದು ದಿಬ್ಬ ಒದ್ದೆಯಾಗಿತ್ತು, ಅದಕ್ಕೇ ಧೂಳು ಎದ್ದಿರಲಿಲ್ಲ. ಬೋಲ್ಟ್ ವಾಪಸ್ ಹಾಕಿ ಎಂಟನೆಯದು ಹೊಡೆದೆ. ಇಬ್ಬರೂ ಉಸಿರು ಹಿಡಿದು ಕಾದೆವು. 'ಟಿಣ್' ಅಂತು.