ರ‍್ಯಾಂಪ್ ತಂಡದ ತರಬೇತಿಗೆ ಟ್ಯಾಬ್ಲೆಟ್ ಆಟವೋ, ಮೇಜಿನ ಆಟವೋ: ಹುಬ್ಬಳ್ಳಿಯಲ್ಲಿ ಎರಡನ್ನೂ ಆಡಿಸಿದ ಮೇಲೆ

ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ (ನೆಲದ ಮೇಲೆ ನಿಂತ ವಿಮಾನದ ಕೆಲಸಗಳ) ಸಿಬ್ಬಂದಿಯ ತರಬೇತಿ ನೋಡಿಕೊಳ್ಳುವ ನಾನು, ಕಲಿಕೆಗೆಂದೇ ರೂಪಿಸಿದ ಎರಡು ಆಟಗಳನ್ನು ನಮ್ಮ ತಂಡಕ್ಕೆ ಆಡಿಸಿ ನೋಡಿದ್ದೇನೆ. ಒಂದು, ವಾರ್ಷಿಕ ಚಂದಾ ಕಟ್ಟಿ ತರಿಸಿಕೊಂಡ ಟ್ಯಾಬ್ಲೆಟ್ ಆಟ. ಇನ್ನೊಂದು, ಏಪ್ರನ್‌ನ, ಅಂದರೆ ರ‍್ಯಾಂಪ್ ಎಂದೂ ಕರೆಯುವ ವಿಮಾನ ನಿಲ್ಲುವ ಅಂಗಳದ, ನಕ್ಷೆಯನ್ನು ಫ್ಲೆಕ್ಸ್ ಮೇಲೆ ಮುದ್ರಿಸಿಕೊಂಡು, ರಟ್ಟಿನ ಚೀಟಿಗಳನ್ನು ಕತ್ತರಿಸಿ ನಾವೇ ಸಿದ್ಧಪಡಿಸಿಕೊಂಡ ಮೇಜಿನ ಆಟ. ಮೊದಲನೆಯದರ ಚಂದಾ ಮುಗಿದ ಮೇಲೆ ನವೀಕರಿಸಲಿಲ್ಲ. ಎರಡನೆಯದನ್ನು ಈಗಲೂ ಆಡಿಸುತ್ತಿದ್ದೇವೆ.

ವಿಮಾನಯಾನದಲ್ಲಿ ತಂಡವಾಗಿ ಕಲಿಯುವುದಕ್ಕೆ ಇಷ್ಟು ಮಹತ್ವ ಏಕೆಂಬುದನ್ನು ಸ್ಪೇನ್‌ನ ಟೆನೆರಿಫ್ ದ್ವೀಪದ ದುರಂತವೊಂದೇ ತಿಳಿಸುತ್ತದೆ. 1977ರ ಮಾರ್ಚ್ 27ರಂದು ಅಲ್ಲಿನ ರನ್‌ವೇ ಮೇಲೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದು 583 ಜನ ಸತ್ತರು. ಆಚೆಯ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಎಂಬ ಅನುಮಾನವನ್ನು ಹಾರಲು ಹೊರಟಿದ್ದ ಕೆಎಲ್‌ಎಂ ಸಂಸ್ಥೆಯ ವಿಮಾನದ ಫ್ಲೈಟ್ ಇಂಜಿನಿಯರ್ ಬಾಯಿಬಿಟ್ಟು ಕೇಳಿಯೂ ಇದ್ದರು. ಬಿಟ್ಟಿದೆ ಎಂದು ಕ್ಯಾಪ್ಟನ್ ಹೇಳಿದ ಮೇಲೆ ಮಾತು ಅಲ್ಲಿಗೇ ನಿಂತಿತು. ಇಂಥ ಅಪಘಾತಗಳ ಹಿನ್ನೆಲೆಯಲ್ಲಿಯೇ 1979ರಲ್ಲಿ ನಾಸಾ ಕಾರ್ಯಾಗಾರ ನಡೆಸಿತು, ಕಾಕ್‌ಪಿಟ್ ತಂಡಗಳಿಗೆ ಪ್ರತ್ಯೇಕ ತರಬೇತಿಯ ಕ್ರಮ ಬೆಳೆಯಿತು. ಕೇಳುವುದು, ಉತ್ತರ ಸಮಾಧಾನ ಕೊಡದಿದ್ದರೆ ಮತ್ತೆ ಕೇಳುವುದು ಏಪ್ರನ್‌ನಲ್ಲಿ ದುಡಿಯುವವರಿಗೂ ಅಷ್ಟೇ ಅಗತ್ಯ.

ಟ್ಯಾಬ್ಲೆಟ್ ಆಟದ ದೊಡ್ಡ ತೊಡಕು ಇಲ್ಲಿಯೇ ಇದೆ: ಎಲ್ಲರ ಪರದೆಯ ಮೇಲೂ ಎಲ್ಲವೂ ಕಾಣುತ್ತದೆ. ಚೆಕ್-ಇನ್ ಮಾಡಿದ ಪ್ರಯಾಣಿಕರೊಬ್ಬರು ವಿಮಾನ ಹತ್ತಲು ಬರಲಿಲ್ಲವೆನ್ನಿ. ಅವರ ಚೀಲವನ್ನು ವಿಮಾನದ ಸಾಮಾನು ಕೋಣೆಯಾದ ಹೋಲ್ಡ್‌ನಿಂದ ಇಳಿಸಲೇಬೇಕು. ನಿಜವಾದ ಕೆಲಸದಲ್ಲಿ ಈ ಸಂಗತಿ ಮೊದಲು ಗೊತ್ತಾಗುವುದು ಗೇಟಿನಲ್ಲಿರುವವರಿಗೆ. ಅವರು ವಾಕಿಟಾಕಿಯಲ್ಲಿ ಟ್ಯಾಗ್ ಸಂಖ್ಯೆ ಹೇಳಬೇಕು, ಕೆಳಗೆ ಸಾಮಾನು ಏರಿಸಿ ಇಳಿಸುವ ಲೋಡರ್ ಅದನ್ನು ಮರಳಿ ಓದಿ ಹೇಳಬೇಕು, ಚೀಲ ಸಿಕ್ಕಿತೆಂದು ತಿಳಿಸುವವರೆಗೆ ಸೂಪರ್‌ವೈಸರ್ ಕಾರ್ಗೋ ಬಾಗಿಲು ಮುಚ್ಚಲು ಬಿಡಬಾರದು. ಆಟದಲ್ಲಿ ಮಾತ್ರ ಆ ಚೀಲ ಲೋಡರ್‌ನ ಪರದೆಯ ಮೇಲೆ ತಾನಾಗಿಯೇ ಕೆಂಪಗೆ ಮಿನುಗುತ್ತದೆ. ಬೆರಳಿಟ್ಟರೆ ಕೆಲಸ ಮುಗಿಯಿತು.

ಇದರ ಪರಿಣಾಮವನ್ನು ಕಣ್ಣಾರೆ ಕಂಡೆ. ಆಟ ಪಳಗಿದಂತೆಲ್ಲ ನಮ್ಮ ಹುಡುಗರ ಅಂಕ ಏರಿತು, ಮಾತು ಕಡಿಮೆಯಾಯಿತು. ಒಂದೇ ಕೊಠಡಿಯಲ್ಲಿ ಕುಳಿತು, ಒಬ್ಬರ ಮುಖ ಒಬ್ಬರು ನೋಡದೆ, ತಂತಮ್ಮ ಪರದೆಯಲ್ಲಿ ಹಸಿರು ಗುರುತುಗಳನ್ನು ತುಂಬಿಸುತ್ತಿದ್ದರು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದಾಗ ಮಾತ್ರ ತಂಡಕ್ಕೆ ಮಾತಿನ ಅಗತ್ಯ ಬೀಳುತ್ತದೆ. ಆ ಅಂತರವನ್ನೇ ಅಳಿಸಿಹಾಕಿದ ಆಟ ಸಹಕಾರವನ್ನು ಕಲಿಸಲಾರದು. ಪೂರೈಕೆದಾರರಿಗೆ ಬರೆದು ಕೇಳಿದಾಗ, ಒಬ್ಬರ ಮಾಹಿತಿಯನ್ನು ಇನ್ನೊಬ್ಬರಿಂದ ಮರೆಮಾಡುವ ವ್ಯವಸ್ಥೆ ಇಲ್ಲವೆಂದರು.

ಮೇಜಿನ ಆಟದಲ್ಲಿ ಪ್ರತಿಯೊಬ್ಬರ ಚೀಟಿಯೂ ಗುಟ್ಟು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಎಟಿಆರ್ 72 ವಿಮಾನವನ್ನೇ ಇಟ್ಟುಕೊಂಡಿದ್ದೇವೆ. ಅದರಲ್ಲಿ ದೊಡ್ಡ ಕಾರ್ಗೋ ಬಾಗಿಲು ಮುಂದೆ, ಪ್ರಯಾಣಿಕರ ಬಾಗಿಲು ಹಿಂದೆ. ಮುಂದಿನ ಸಾಮಾನು ಇಳಿಸಿ ಹಿಂದೆ ಜನ ನೆರೆದರೆ ಬಾಲದ ಕಡೆ ಭಾರ ಹೆಚ್ಚುವುದರಿಂದ, ಟೇಲ್ ಪ್ರಾಪ್ ಎಂಬ ಊರುಗೋಲನ್ನು ಮೊದಲೇ ನಿಲ್ಲಿಸಬೇಕಾಗುತ್ತದೆ. ಪ್ರಾಪ್ ಬಂದಿಲ್ಲವೆಂಬ ಚೀಟಿ ಒಬ್ಬರಲ್ಲಿ, ಸಾಮಾನು ಬೇಗ ಇಳಿಸಬೇಕೆಂಬ ಚೀಟಿ ಇನ್ನೊಬ್ಬರಲ್ಲಿ. ಬೆನ್ನಿಗೆ ಬೆನ್ನು ಮಾಡಿ ಕೂರಿಸಿ, ವಾಕಿಟಾಕಿಯಲ್ಲಷ್ಟೇ ಮಾತನಾಡಲು ಬಿಡುತ್ತೇನೆ. ಹೊಸದಾಗಿ ಸೇರಿದ ಲೋಡರ್ ಒಬ್ಬ, ಹಿರಿಯ ಸೂಪರ್‌ವೈಸರ್ ಅವಸರ ಮಾಡುತ್ತಿದ್ದಾಗ, ‘ಸರ್, ಪ್ರಾಪ್ ಇನ್ನೂ ಬಂದಿಲ್ರಿ, ನಾ ಬಾಗಲಾ ತೆಗ್ಯಾಂಗಿಲ್ಲ’ ಎಂದು ಎರಡು ಬಾರಿ ಹೇಳಿ ಕೆಲಸ ನಿಲ್ಲಿಸಿದ. ನನಗೆ ಬೇಕಾದ ಕಲಿಕೆ ಅದು. ಟ್ಯಾಬ್ಲೆಟ್ ಆಟವಾಗಿದ್ದರೆ ತಡಮಾಡಿದ್ದಕ್ಕೆ ಅವನ ಅಂಕ ಕಳೆಯುತ್ತಿತ್ತು.

ಹಾಗೆಂದು ಟ್ಯಾಬ್ಲೆಟ್‌ಗೆ ಮೇಲುಗೈ ಇಲ್ಲವೆಂದಲ್ಲ. ಯಾರು ಎಲ್ಲಿ ತಡೆದರೆಂಬ ದಾಖಲೆ ಅದರಲ್ಲಿ ತಾನಾಗಿಯೇ ಉಳಿಯುತ್ತದೆ. ಮೇಜಿನ ಆಟದಲ್ಲಿ ನಾನೇ ಕುಳಿತು ಬರೆದುಕೊಳ್ಳಬೇಕು. ಆಟ ಮುಗಿದ ಮೇಲಿನ ಚರ್ಚೆಯನ್ನು ನಡೆಸಿಕೊಡುವ ಅನುಭವಸ್ಥರಿಲ್ಲದಿದ್ದರೆ ಫ್ಲೆಕ್ಸ್ ಬರೀ ಕಾಲಕ್ಷೇಪವಾಗಿಬಿಡುತ್ತದೆ. ಆದರೆ ಭಾಷೆಯ ವಿಷಯದಲ್ಲಿ ಹೋಲಿಕೆಯೇ ಬೇಡ, ಮೇಜಿನ ಆಟದ ಚೀಟಿಗಳನ್ನು ಕನ್ನಡದಲ್ಲೂ ಹಿಂದಿಯಲ್ಲೂ ಬರೆದಿದ್ದೇವೆ.

ನಮ್ಮದು ಚಿಕ್ಕ ತಂಡ. ಎರಡು ವಿಮಾನಗಳ ನಡುವೆ ಸಿಗುವ ಬಿಡುವಿನಲ್ಲಿ ಎಲ್ಲರೂ ಒಂದೇ ಕಡೆ ಸೇರುತ್ತೇವೆ, ಹಣವೂ ಮಿತವಾಗಿದೆ. ಗೋಕುಲ ರಸ್ತೆಯ ಮುದ್ರಕರಿಗೆ ಕೊಟ್ಟ ದುಡ್ಡು ಒಬ್ಬರ ಚಂದಾಕ್ಕೂ ಸಾಲುತ್ತಿರಲಿಲ್ಲ. ಹಲವು ಊರುಗಳಲ್ಲಿ ಸಿಬ್ಬಂದಿ ಹಂಚಿಹೋಗಿರುವ ಸಂಸ್ಥೆಯವರು ಟ್ಯಾಬ್ಲೆಟ್ ಆಟವನ್ನೇ ಕೊಳ್ಳಬೇಕಾಗಬಹುದು. ಕೊಳ್ಳುವವರು, ಒಬ್ಬ ಆಟಗಾರನ ಮಾಹಿತಿಯನ್ನು ಇನ್ನೊಬ್ಬನಿಂದ ಮುಚ್ಚಿಡಲು ಬರುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ಆಡಿ ನೋಡಲಿ.